ಮಂಗಟ್ಟೆ ಕೂರುವ ಜಾಗ

ಬೆಳಿಗ್ಗೆ ಆರು ಗಂಟೆ ಹದಿನೇಳು ನಿಮಿಷಕ್ಕೆ ದೇರಪ್ಪ ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ, ಹೆಂಡತಿಯ ಪಾದದಿಂದ ಸೊಂಟದವರೆಗೆ ಟೇಪು ಹಿಡಿದು ಅಳೆಯುತ್ತಿದ್ದ. ಹೆಂಡತಿ ಕಮಲ ಒಲೆಯ ಮುಂದೆ ನಿಂತು ಬೆಲ್ಲದ ಕಾಫಿ ಸೋಸುತ್ತಿದ್ದಳು.

“ಅಲ್ಲಾಡಬೇಡ. ಇದು ಮೂರನೇ ಸಲ. ಮೂರರ ಸರಾಸರಿ ತೆಗೆದ್ರೇನೇ ಅಳತೆ.”

“ಬಿಸಿ ಕಾಫಿ ನಿಮ್ಮ ತಲೆ ಮೇಲೆ ಬಿದ್ರೆ, ಅದೂ ಮೂರು ಸಲ ಬೀಳ್ಬೇಕಾ?”

ದೇರಪ್ಪ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ನೋಟ್‌ಬುಕ್ಕಿನಲ್ಲಿ ಮೂವತ್ತೊಂಬತ್ತು ಕಾಲು ಎಂದು ಬರೆದುಕೊಂಡ.

ಕೊಡಗು ಇಬ್ಬರೇ ಮಂತ್ರಿಗಳ ಪುಟ್ಟ ರಾಜ್ಯವಾಗಿದ್ದ ಕಾಲ ಅದು. ದೇರಪ್ಪ ಚೇರಂಬಾಣೆಯ ಕಡೆಯ ಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು, ಬಿ.ಎಸ್ಸಿ. ಪದವೀಧರ. ತನ್ನ ಹೆಸರಿನ ಪಕ್ಕದಲ್ಲಿರುವ ಆ ಮೂರು ಅಕ್ಷರಗಳು ಮನೆಯೊಳಗೂ ಊರ್ಜಿತ ಎಂದು ನಂಬಿದ್ದವನು. ಕಮಲ ಮದುವೆಗೆ ಮುಂಚೆ ಮೈಸೂರಿನಲ್ಲಿ ಎರಡು ವರ್ಷ ಹಾಸ್ಟೆಲಿನಲ್ಲಿದ್ದು ಹೊಲಿಗೆ ಕಲಿತಿದ್ದಳು. ಅಲ್ಲಿಂದ ತಂದದ್ದು ಎರಡು ವಿದ್ಯೆ ಮತ್ತು ಒಂದು ಅಭ್ಯಾಸ. ವಿದ್ಯೆಗಳು ಹೊಲಿಯುವುದು ಮತ್ತು ಬಟ್ಟೆಗೆ ಅಚ್ಚು ಹಾಕುವುದು. ಅಭ್ಯಾಸ, ಸೀರೆಯ ನೆರಿಗೆಯನ್ನು ಮೈಸೂರಿನವರಂತೆ ಮುಂದಕ್ಕೆ ಸಿಕ್ಕಿಸಿಕೊಳ್ಳುವುದು. ಮಿಷನ್ ತುಳಿಯಲು ಅನುಕೂಲ ಎನ್ನುತ್ತಿದ್ದಳು.

ಊರಿನ ಮಹಿಳಾ ಸಮಾಜದಲ್ಲಿ ಹೊಲಿಗೆ ತರಗತಿ ತೆರೆಯುವುದಿತ್ತು. ಮಿಷನ್ ಬಂದಾಗಿತ್ತು, ಟೀಚರ್ ಬೇಕಿತ್ತು. ಕಮಲ ಆ ಕೆಲಸಕ್ಕೆ ಎಷ್ಟು ಆಸೆಪಟ್ಟಿದ್ದಳೆಂಬುದು, ಅದರ ಬಗ್ಗೆ ಅವಳು ಒಂದೂ ಮಾತಾಡದಿದ್ದುದರಿಂದಲೇ ದೇರಪ್ಪನಿಗೆ ತಿಳಿದಿತ್ತು. ಸಮಾಜದ ಅಧ್ಯಕ್ಷೆ ಗಂಗಮ್ಮ ಮಾತು ಕಡಿಮೆಯ ಹೆಂಗಸು. “ಪೊನ್ನಪ್ಪನ ಮಗಳ ಮದುವೆಗೆ ಬರ್ತೀಯಲ್ಲ, ನಿನ್ನ ಕೈಕೆಲಸದ್ದೇ ಸೀರೆ ಉಟ್ಕೊಂಡು ಬಾ. ನೋಡಿ ಹೇಳ್ತೇನೆ” ಎಂದಿದ್ದರು. ಪೊನ್ನಪ್ಪ ದೇರಪ್ಪನ ಚಿಕ್ಕಪ್ಪ. ಮದುವೆ ಭಾಗಮಂಡಲದ ಹತ್ತಿರದ ಅವರ ಮನೆಯಲ್ಲೇ.

ಕಮಲ ಆರು ಗಜದ ಬಿಳಿ ಸೀರೆಯನ್ನು ಅಳಲೆಕಾಯಿಯ ನೀರಿನಲ್ಲಿ ಅದ್ದಿ ಒಣಗಿಸಿದಳು. ಬಟ್ಟೆ ತಿಳಿ ಹಳದಿಗೆ ತಿರುಗಿತು. ಮುರಿದ ಕತ್ತಿ, ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಮೂರು ವಾರ ಕೊಳೆಹಾಕಿ ಕಪ್ಪು ಬಣ್ಣ ಮಾಡಿದಳು. ಹಲಸಿನ ಹಲಗೆಯಲ್ಲಿ ತಾನೇ ಕೆತ್ತಿದ ಕಾಫಿ ಹೂವಿನ ಅಚ್ಚನ್ನು ಬಣ್ಣಕ್ಕೆ ಒತ್ತಿ, ಬಟ್ಟೆಯ ಮೇಲಿಟ್ಟು ಮುಷ್ಟಿಯಿಂದ ಒಂದು ಗುದ್ದು. ಅಚ್ಚು ಎತ್ತಿದರೆ ಹೂ. ಗೆರೆ ಇಲ್ಲ, ಗುರುತಿಲ್ಲ. ಕಣ್ಣಳತೆಯಲ್ಲೇ ಗುದ್ದುತ್ತಾ ಹೋದಳು. ಸೆರಗಿನ ಕಡೆಯಿಂದ ಅರ್ಧ ಮುಗಿದಾಗ ದೇರಪ್ಪ ಕದ್ದು ಅಳೆದು ನೋಡಿದ. ಹೂವಿನಿಂದ ಹೂವಿಗೆ ನಾಲ್ಕು ಇಂಚು. ಎಲ್ಲೆಡೆಯೂ ನಾಲ್ಕೇ. ಅವನಿಗೆ ಹೆಮ್ಮೆಯಾಯಿತು, ಜೊತೆಗೆ ಅಷ್ಟೇ ಪ್ರಮಾಣದಲ್ಲಿ ಕಸಿವಿಸಿಯೂ ಆಯಿತು. ಈ ಸೀರೆಯಲ್ಲಿ ವಿಜ್ಞಾನಕ್ಕೆ ಜಾಗವೇ ಇಲ್ಲವೇ?

“ಬರೀ ಹೂವಾದ್ರೆ ಸಾಲ್ದು ಕಮಲ. ಒಂದು ದೊಡ್ಡ ಹಕ್ಕಿ ಬೇಕು. ಮಂಗಟ್ಟೆ. ಎದುರಿಗೆ ಬಂದವರ ಕಣ್ಣು ಮೊದ್ಲು ಅಲ್ಲಿಗೇ ಹೋಗ್ಬೇಕು.”

“ಎಲ್ಲಿಗೆ?”

“ಸರಿಯಾಗಿ ನೆರಿಗೆಯ ಮೇಲೆ. ಜಾಗ ಹುಡುಕೋದು ನನ್ನ ಕೆಲಸ.”

ಕಮಲಳಿಗೂ ಆಸೆ ಹುಟ್ಟಿತು. ರೆಕ್ಕೆಗೊಂದು, ಮೈಗೊಂದು, ಬಾಲಕ್ಕೊಂದು ಅಚ್ಚು ಕೆತ್ತಿದಳು. ಕೊಕ್ಕಿಗೆ ಮಾತ್ರ ಅಚ್ಚು ಮಾಡಲಿಲ್ಲ. ಅಷ್ಟು ಜಾಗ ಹಾಗೇ ಬಿಟ್ಟರೆ ಬಟ್ಟೆಯ ಹಳದಿಯೇ ಕೊಕ್ಕಾಗುತ್ತದೆ ಎಂದಳು. ಆ ಉಪಾಯ ತನಗೆ ಹೊಳೆಯಲಿಲ್ಲವಲ್ಲ ಎಂದು ದೇರಪ್ಪ ಎರಡು ದಿನ ಯೋಚಿಸಿದ.

ಮೇಲೆ ಹೇಳಿದ ಬೆಳಗಿನ ಅಳತೆ ಇದಕ್ಕಾಗಿಯೇ. ಹದಿನಾಲ್ಕು ಪುಟದ ಲೆಕ್ಕ ಮುಗಿಸಿ, ಹಕ್ಕಿಯ ಕಣ್ಣು ಸೀರೆಯ ಒಳತುದಿಯಿಂದ ಎಂಬತ್ತೊಂಬತ್ತನೆಯ ಇಂಚಿನಲ್ಲಿ, ಸೊಂಟದಿಂದ ಒಂಬತ್ತು ಇಂಚು ಕೆಳಗೆ ಬರಬೇಕೆಂದು ಅವನು ದಾರ ಹೊಲಿದು ಗುರುತು ಮಾಡಿದ.

“ನೆರಿಗೆ ಲೆಕ್ಕಕ್ಕೆ ತಗೊಂಡಿದ್ದೀರಾ?” ಎಂದು ಕಮಲ ಕೇಳಿದಳು.

“ನೆರಿಗೆ, ಸುತ್ತು, ಬಟ್ಟೆ ಕುಗ್ಗೋದು, ಎಲ್ಲ.”

“ತಪ್ಪಿದ್ರೆ?”

ದೇರಪ್ಪ ಕನ್ನಡಕ ಒರೆಸಿಕೊಂಡು, ತರಗತಿಯಲ್ಲಿ ಹೇಳುವ ಧ್ವನಿಯಲ್ಲೇ ಹೇಳಿದ: “ಹೆಚ್ಚೆಂದರೆ ಅರ್ಧ ಇಂಚು.”

ಹಕ್ಕಿ ಮೂಡಿತು. ಎರಡು ರೆಕ್ಕೆ ಬಿಚ್ಚಿ, ಹಳದಿ ಕೊಕ್ಕು ಚಾಚಿ, ಈಗಷ್ಟೇ ಕೊಂಬೆ ಬಿಟ್ಟು ಎದ್ದಂತಿತ್ತು. ಕಮಲ ಒಮ್ಮೆ ಉಟ್ಟು ನೋಡುತ್ತೇನೆಂದಳು. ಬಣ್ಣ ಪಕ್ಕಾ ಆಗುವ ಮುಂಚೆ ಮಡಿಕೆ ಬೀಳಬಾರದೆಂದು ದೇರಪ್ಪ ಬಿಡಲಿಲ್ಲ.

ಮದುವೆಯ ದಿನ ಎಂಟು ಇಪ್ಪತ್ತಕ್ಕೆ ಚಿಕ್ಕಮ್ಮ ಕಮಲಳನ್ನು ಒಳಕೋಣೆಗೆ ಕರೆದರು. ಹತ್ತು ಗಂಟೆಗೆ ಗಂಡಿನ ಕಡೆಯವರು ಬರುತ್ತಾರೆ. ದೀಪ ಹಿಡಿದು ಎದುರುಗೊಳ್ಳುವ ಮನೆಯ ಹೆಂಗಸರೆಲ್ಲ ಕೊಡಗಿನ ಕಟ್ಟಿನಲ್ಲೇ ಸೀರೆ ಉಡಬೇಕು, ತಲೆಗೆ ವಸ್ತ್ರ ಕಟ್ಟಬೇಕು. ಚಿಕ್ಕಮ್ಮನೇ ನಿಂತು ಉಡಿಸಿದರು. ನೆರಿಗೆ ಹಿಡಿದರು, ಪಳಗಿದ ಕೈಯಲ್ಲಿ ಅದನ್ನು ಬೆನ್ನ ಹಿಂದಕ್ಕೆ ಸಿಕ್ಕಿಸಿದರು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು.

“ಕಮಲ, ಹಕ್ಕಿ ಚೆಂದ ಉಂಟು. ಆದ್ರೆ ನೀನು ಕೂತ್ರೆ ಅದು ಉಸಿರಾಡೋದು ಹೇಗೆ?”

ಕಮಲ ಕತ್ತು ತಿರುಗಿಸಿ ನೋಡಿಕೊಂಡಳು. “ಅವರನ್ನ ಕರೀರಿ” ಎಂದಳು.

ದೇರಪ್ಪ ಬಾಗಿಲಲ್ಲಿ ಬಂದು ನಿಂತ. ಹದಿನಾಲ್ಕು ಪುಟದ ಮಂಗಟ್ಟೆ, ಮನುಷ್ಯರು ಮಣೆಗೆ ಕೊಡುವ ಭಾಗದ ಮೇಲೆ, ಗುರುತಿನ ಜಾಗದಿಂದ ಒಂದಿಷ್ಟೂ ಕದಲದೆ ರೆಕ್ಕೆ ಬಿಚ್ಚಿ ಕೂತಿತ್ತು.

“ನೆರಿಗೆ ಹಿಂದೆ ಯಾಕೆ ಹೋಯ್ತು?” ಎಂದ.

“ನಿನ್ನ ಅಜ್ಜಿ ಕಾಲದಿಂದ್ಲೂ ಹಿಂದೇನೇ ಉಂಟು ಮಾರಾಯ,” ಎಂದರು ಚಿಕ್ಕಮ್ಮ. “ನೀನು ಹುಟ್ಟಿದ್ದು ಈ ಮನೇಲೇ ಅಲ್ವಾ?”

ಅವನು ಅಳೆದದ್ದು ಅಡುಗೆಮನೆಯಲ್ಲಿ ದಿನವೂ ಕಾಣುವ ಕಮಲಳನ್ನು. ಅವಳು ಮದುವೆಗೆ ಹೇಗೆ ಉಡುತ್ತಾಳೆಂದು ನೆನಪಿಸಿಕೊಳ್ಳಲು ಲೆಕ್ಕದಲ್ಲಿ ಸ್ಥಳವಿರಲಿಲ್ಲ. “ಬೇರೆ ಸೀರೆ ಉಟ್ಕೋ” ಎಂದ ಸಣ್ಣ ಧ್ವನಿಯಲ್ಲಿ.

“ಬೇರೆ ಸೀರೆ ಗಂಗಮ್ಮಕ್ಕ ಅಂಗಡೀಲೂ ನೋಡ್ಬಹುದು. ಚಿಕ್ಕಮ್ಮ, ಕತ್ತರಿ ಉಂಟಾ?”

“ಸೀರೆ ಕತ್ತರಿಸ್ತೀಯಾ?”

“ಹಕ್ಕಿ ಬಿಡಿಸ್ತೇನೆ.”

ಕಮಲ ಸೀರೆ ಬಿಚ್ಚಿ ಚಾಪೆಯ ಮೇಲೆ ಹರಡಿದಳು. ದೇರಪ್ಪ ಅಭ್ಯಾಸಬಲದಿಂದ ಜೇಬಿನ ಟೇಪು ತೆಗೆದ.

“ಅದನ್ನ ಒಳಗಿಡಿ. ಸೂಜಿಗೆ ದಾರ ಪೋಣಿಸಿ ಕೊಡಿ.”

ಕತ್ತರಿ ಬಟ್ಟೆಗೆ ತಾಗಿದಾಗ ದೇರಪ್ಪ ಕಣ್ಣು ಮುಚ್ಚಿಕೊಂಡ. ತೆರೆದಾಗ ಹಕ್ಕಿ, ಸುತ್ತ ಕಾಫಿ ಹೂವಿನೊಂದಿಗೆ, ಒಂದು ಅಗಲವಾದ ಚೌಕವಾಗಿ ಅವಳ ತೊಡೆಯ ಮೇಲಿತ್ತು. ಪೂರ್ತಿ ಅಗಲಕ್ಕೆ ಕತ್ತರಿಸಿದ್ದರಿಂದ ಉಳಿದ ಸೀರೆ ಎರಡು ತುಂಡಾಗಿತ್ತು. ಅವಳು ತುಂಡುಗಳನ್ನು ಹೂವಿಗೆ ಹೂ ಹೊಂದಿಸಿ ಕೂಡಿಸತೊಡಗಿದಳು. ಒಂದು ಸೂಜಿಯ ದಾರ ಮುಗಿಯುವುದರೊಳಗೆ ಅವನು ಇನ್ನೊಂದು ಸೂಜಿ ಸಿದ್ಧವಾಗಿಡಬೇಕಿತ್ತು, ಬಿ.ಎಸ್ಸಿ. ಪದವಿ ಸಾಲದೆ ಎರಡು ಸಲ ಹಿಂದೆ ಬಿದ್ದ. ನಲವತ್ತೈದು ಇಂಚಿನ ಹೊಲಿಗೆ. ಆಮೇಲೆ ಚೌಕದ ಅಂಚು ಮಡಿಚಿ ಮತ್ತೆ ಹೊಲಿಗೆ. ಒಂಬತ್ತು ಐವತ್ತಕ್ಕೆ ಕಮಲ ಹಲ್ಲಿನಿಂದ ದಾರ ಕಡಿದಳು.

ಚಿಕ್ಕಮ್ಮ ಮತ್ತೆ ಉಡಿಸಿದರು. ನೆರಿಗೆ ನಾಲ್ಕು ಕಡಿಮೆಯಾಯಿತು, ಅಷ್ಟೆ. ಹೊಲಿಗೆಯ ಗೆರೆ ಎಲ್ಲಿ ಹೋಯಿತೆಂದು ದೇರಪ್ಪ ಹುಡುಕಿದ. ಅವನ ಹಕ್ಕಿಯನ್ನು ಕೆಡಿಸಿದ ಆ ಹಿಂದಿನ ನೆರಿಗೆಯೇ ಗೆರೆಯನ್ನು ತನ್ನೊಳಗೆ ಮಡಿಚಿ ಇಟ್ಟುಕೊಂಡಿತ್ತು. ಕತ್ತರಿ ಎಲ್ಲಿ ಇಡಬೇಕೆಂದು ಅವಳು ಎಷ್ಟು ಪುಟ ಬರೆದಿದ್ದಳು? ಒಂದೂ ಇಲ್ಲ.

ಹತ್ತು ಗಂಟೆಗೆ ಕಮಲ ದೀಪ ಹಿಡಿದು ಅಂಗಳಕ್ಕೆ ಬಂದಳು. ಹಕ್ಕಿಯ ಚೌಕ ಈಗ ಅವಳ ತಲೆಯ ವಸ್ತ್ರ. ನೆತ್ತಿಯ ಮೇಲೆ ಹಳದಿ ಕೊಕ್ಕು, ಎರಡು ಕಿವಿಗಳ ಮೇಲೆ ಎರಡು ರೆಕ್ಕೆ. ಅವಳು ತಲೆ ಬಗ್ಗಿಸಿದಾಗ ಮಂಗಟ್ಟೆ ಇಳಿಯುವಂತೆ, ಎತ್ತಿದಾಗ ಹಾರುವಂತೆ ಕಾಣುತ್ತಿತ್ತು. ಮದುಮಗನೇ ಒಂದು ಕ್ಷಣ ನಿಂತು ನೋಡಿದ. ದೇರಪ್ಪ ತಾನು ಕೈ ಕಟ್ಟಿಕೊಂಡು ನಿಂತಿರುವುದನ್ನೂ ಮರೆತು ನೋಡಿದ.

ಗಂಗಮ್ಮ ಅವಳ ಸುತ್ತ ಒಂದು ಸುತ್ತು ಬಂದರು. ಅಂಚು ಮುಟ್ಟಿ ನೋಡಿದರು, ಕೊಕ್ಕು ಸವರಿದರು.

“ಸೋಮವಾರದಿಂದ ತರಗತಿ ಶುರು ಮಾಡು,” ಎಂದರು. ಆಮೇಲೆ ಇನ್ನೊಮ್ಮೆ ತಲೆ ಎತ್ತಿ ನೋಡಿ, “ಸೀರೆಯ ಹಕ್ಕಿಯನ್ನ ತಲೆ ಮೇಲೆ ಕೂರಿಸಿದವರನ್ನ ನಾನು ನೋಡಿರ್ಲಿಲ್ಲ. ಇದರ ಜಾಗ ಲೆಕ್ಕ ಹಾಕಿದ್ದು ಯಾರು?”

“ಇವರೇ, ಗಂಗಮ್ಮಕ್ಕ. ಹದಿನಾಲ್ಕು ಪುಟ.”

ಗಂಗಮ್ಮ ದೇರಪ್ಪನನ್ನು ಮೆಚ್ಚುಗೆಯಿಂದ ನೋಡಿದರು. ಅವನು ಚಪ್ಪರದ ಕಂಬ ನೋಡಿದ.

“ಲೆಕ್ಕದ ಪ್ರಕಾರವೇ ಬಂತಾ ಮೇಷ್ಟ್ರೇ? ಒಂದಿಷ್ಟೂ ಆಚೀಚೆ ಆಗ್ಲಿಲ್ವಾ?”

ದೇರಪ್ಪ ಜೇಬಿನ ಟೇಪನ್ನು ಇನ್ನಷ್ಟು ಒಳಕ್ಕೆ ತಳ್ಳಿದ. ಕಮಲ ದೀಪವನ್ನು ಎಡಗೈಗೆ ದಾಟಿಸಿಕೊಂಡಳು, ಗಂಡನ ಮುಖ ನೋಡಿದಳು, ಆಮೇಲೆ ಅವನದೇ ತರಗತಿಯ ಧ್ವನಿಯಲ್ಲಿ ಹೇಳಿದಳು:

“ಹೆಚ್ಚೆಂದರೆ ಅರ್ಧ ಇಂಚು.”