ಹಕಾರ ನುಂಗಿದ ಎಂಜಿನಿಯರ್‌ಗಳು

ನನ್ನಂಥ ಇಂಗ್ಲಿಷ್ ಮೇಷ್ಟ್ರ ಮನೇಲಿ ನಗೋಕೆ ಕಾರಣ ಹುಡುಕಬೇಕಾಗಿಲ್ಲ, ಅದೇ ಚಪ್ಪಲಿ ಬಿಟ್ಟು ಒಳಗೆ ಬರುತ್ತೆ. ತೊಂಬತ್ತರ ದಶಕದಲ್ಲಿ ಚಾಮರಾಜನಗರದ ನಮ್ಮ ಜಗಲಿಗೆ ಪ್ರತಿ ಭಾನುವಾರ ಬರ್ತಿದ್ದವರು ಮೈಸೂರಲ್ಲಿ ಎಂಜಿನಿಯರಿಂಗ್ ಓದೋ ನಮ್ಮ ಕಡೆ ಮಕ್ಕಳು. ಲೆಕ್ಕದಲ್ಲಿ ಯಾರಿಗೂ ಕಮ್ಮಿ ಇಲ್ಲ. ಇಂಗ್ಲಿಷಲ್ಲಿ ನಾಲ್ಕು ಸಾಲು ಬರೀರಪ್ಪಾ ಅಂದ್ರೆ ಪೆನ್ನಿಗೇ ಜ್ವರ ಬರೋದು.

೧. ಎಣ್ಣೆ ತಿಂದವನು

ಗುಂಡ್ಲುಪೇಟೆ ಹುಡುಗನೊಬ್ಬ ಲ್ಯಾಬ್ ರೆಕಾರ್ಡ್ ಹಿಡ್ಕೊಂಡು ಬಂದ. ಅದಕ್ಕೆ ಲ್ಯಾಬಿನ ಮೇಡಂ ಸಹಿ ಬೀಳದಿದ್ರೆ ಪರೀಕ್ಷೆಗೆ ಕೂರೋ ಹಾಗಿಲ್ಲ, ಒಂದು ವರ್ಷ ಹೋಯ್ತು ಅಂತಲೇ ಲೆಕ್ಕ. ಅವರಪ್ಪ ಕಂಡೋರ ಹೊಲದಲ್ಲಿ ದುಡಿದು ಓದಿಸ್ತಿದ್ದ. ನನಗೂ ಸಂಕಟವಾಯ್ತು.

ರೆಕಾರ್ಡ್ ತೆಗೆದರೆ, "ಮೊದಲು ಎಣ್ಣೆಯನ್ನು ತಿಂದೆವು, ಆಮೇಲೆ ಉಷ್ಣತೆ ಅಳೆದೆವು" ಅನ್ನೋ ಅರ್ಥದ ಇಂಗ್ಲಿಷ್! ನಮ್ಮ ಕಡೆ ಬಾಯಲ್ಲಿ 'ಹೋಗು' ಅನ್ನೋದೇ 'ಓಗು' ತಾನೆ? 'ಹೀಟ್' ಅಂತ ಬರೆಯೋ ಕಡೆಯೆಲ್ಲ 'ಈಟ್' ಅಂತ ಬರೆದಿದ್ದ. ಪಕ್ಕದಲ್ಲಿ ಮೇಡಂ ಕೆಂಪು ಶಾಯಿಯಲ್ಲಿ ಕೇಳಿದ್ರು: "ಈಗ ಆರೋಗ್ಯ ಹೇಗಿದೆ?"

"ನೋಡಿ ಸಾ, ಸಹಿ ಆಕ್ದೆ ಇದ್ರೂ ಎಷ್ಟು ಅಕ್ಕರೆ ಮಡಗವ್ರೆ!" ಅಂದ.

೨. ಕೂದಲ ಪಂಪು

ಅವನ ಜೊತೇಲಿ ಓದೋ ಕುದೇರು ಊರಿನ ಹುಡುಗಿ ಉಪಾಯ ಹೇಳಿಕೊಟ್ಟಳು. "ಬಾಯ್ ಮುಂದೆ ಕೈ ಮಡೀಕೊಂಡು ಪದ ಅನ್ನು ಕಣ್ಲಾ. ಉಸ್ರು ತಾಕುದ್ರೆ ಹಕಾರ."

"ನಂಗೆ ಎಲ್ಲೂ ತಾಕಾಕಿಲ್ವಲ್ಲ ಕಣಮ್ಮಿ!"

"ಅಂಗಾರೆ ಎಲ್ಲಾ ಕಡೆನೂ ಆಕ್ಬುಡು."

ಪುಣ್ಯಾತ್ಮ, ಹಾಕಿಯೇ ಬಿಟ್ಟ. ಮುಂದಿನ ಭಾನುವಾರ 'ಏರ್ ಪಂಪ್' ಹೋಗಿ 'ಹೇರ್ ಪಂಪ್' ಆಗಿತ್ತು. ಮೇಡಂ ಈ ಸಲ ಬರೆದಿದ್ರು: "ಎಣ್ಣೆ ಉಳಿದಿದ್ರೆ ಇದಕ್ಕೆ ಹಚ್ಚು."

೩. ಒಂದೇ ಉಸಿರು

ಕೊನೇ ಅವಕಾಶ. ಪಾಪ, ಊಟ ಬಿಟ್ಟು ಕೂತು ಒಂದೂ ತಪ್ಪಿಲ್ಲದೆ ಬರೆದ. ನನಗೆ ಹೆಮ್ಮೆಯೋ ಹೆಮ್ಮೆ. ಆದ್ರೆ ಮೇಡಂ ಬಿಡಬೇಕಲ್ಲ! "ನೀನೇ ಬರೆದದ್ದಾದ್ರೆ ಓದು" ಅಂದ್ರಂತೆ.

ಮುಂದಿಂದು ಅವನೇ ಹೇಳಿದ್ದು. "'ಈಟ್' ಅಂದೆ ಸಾ. ಲ್ಯಾಬೆಲ್ಲ ನಗಾಡ್ತು. 'ಇನ್ನೊಂದ್ಸಲ' ಅಂದ್ರು. ಅಪ್ಪನ ಮೊಕ ಗ್ಯಾನಕ್ಕೆ ಬಂತು. ಎದೆ ತುಂಬ ಉಸ್ರು ಎಳ್ಕಂಡು 'ಹ್ಹಹೀಟ್!' ಅಂದ್ಬುಟ್ಟೆ. ಮೇಜಿನ ಮ್ಯಾಲೆ ಉರೀತಿದ್ದ ಸ್ಪಿರಿಟ್ ದೀಪ ಆರೋಯ್ತು!"

ನನಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ. "ಸಹಿ?" ಅಂದೆ.

"ಆಕುದ್ರು ಸಾ! 'ಪರೀಕ್ಷೆಗೆ ಕೂತ್ಕೊಳಪ್ಪ, ಆದ್ರೆ ಆ ಪದ ಮತ್ತೆ ಅನ್ನಬೇಡ, ಬೆಂಕಿಪೊಟ್ಟಣ ಖಾಲಿ' ಅಂದ್ರು."