ಪಶ್ಚಿಮಕ್ಕೆ ಸುಬ್ಬಮ್ಮನ ಜಾಗ

ಪುಕ್ಕಲುತನದಲ್ಲಿ ನನ್ನನ್ನು ಮೀರಿಸುವವರು ನಮ್ಮ ಚಳ್ಳಕೆರೆಯಲ್ಲಿ ಇರಲಾರರು. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ವಾಪಸು ಓಡಿಬರುವವನು ನಾನು. ತೊಂಬತ್ತರ ದಶಕ ಮುಗಿಯುತ್ತಿದ್ದ ಆ ಕಾಲದಲ್ಲಿ ಒಂದು ವಿಷಯದಲ್ಲಿ ಮಾತ್ರ ನಿಶ್ಚಿಂತನಾಗಿದ್ದೆ. ನಿವೃತ್ತಿಯಾದ ಮೇಲೆ ಮನೆ ಕಟ್ಟಿಸಲೆಂದು ಮೊಳಕಾಲ್ಮುರಿನಲ್ಲಿ ಕೊಂಡ ಸೈಟಿಗೆ ರಿಜಿಸ್ಟರ್ ಆದ ಕ್ರಯಪತ್ರವಿತ್ತು. ಅದನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟು, ಆಯುಧಪೂಜೆಗೆ ಹೊರತೆಗೆದು ಕುಂಕುಮ ಹಚ್ಚುತ್ತಿದ್ದೆ. ಬಿಚ್ಚಿ ಓದಿರಲಿಲ್ಲ. ದೇವರನ್ನು ಯಾರಾದರೂ ಬಿಚ್ಚಿ ನೋಡುತ್ತಾರೆಯೇ?

ಈ ನೆಮ್ಮದಿಗೆ ಕಲ್ಲು ಹಾಕಿದವರು ರುದ್ರಪ್ಪನವರು. ಹೈಸ್ಕೂಲಿನಲ್ಲಿ ನನ್ನ ಜೊತೆಯ ಗುಮಾಸ್ತರು. ದಾಯಾದಿಗಳ ಮೇಲೆ ಕೇಸು ನಡೆಸಿ ನಡೆಸಿ ಅರ್ಧ ವಕೀಲರಾಗಿದ್ದರು.

"ನಿಮ್ ಸೈಟ್ನಾಗೆ ಯಾರಾದ್ರೂ ಅದಾರೇನ್ರಿ?" ಎಂದರು, ಟೀ ಕುಡಿಯುತ್ತಾ.

"ಯಾರೂ ಇಲ್ರಿ. ಪಕ್ಕದ ಮನೆ ಸುಬ್ಬಮ್ಮ ಅಂತ ನೇಕಾರರು, ಮಗ್ಗಕ್ಕೆ ಏರ್ಸೋ ಸೀರೆ ಹಾಸಿನ ಉದ್ದೆಳೆನ ಗೂಟಕ್ಕೆ ಕಟ್ಟಿ ಬಿಗೀತಾರೆ, ಅಷ್ಟೇ. ಹನ್ನೊಂದು ವರ್ಷದಿಂದ ನೋಡ್ತಾ ಇದೀನಿ."

ರುದ್ರಪ್ಪ ಲೋಟ ಕೆಳಗಿಟ್ಟರು. "ಕೆಟ್ರಿ ಬಿಡ್ರಿ! ಬೇರೆಯೋರ ಜಾಗನ ತಮ್ದೇ ಅಂತ ಎಲ್ರ ಕಣ್ಣೆದ್ರಿಗೆ ಹನ್ನೆರಡು ವರ್ಷ ಅನುಭವಿಸಿದ್ರೆ ಅವರ್ದೇ ಆಗ್ತೈತೆ. ನಿಮ್ ಅನುಮತಿ ಮೇಲೆ ಬಳಸ್ತಿದೀವಿ ಅಂತ ಬೇಗ ಬರೆಸ್ಕಳ್ರಿ. ಅನುಮತಿ ಇದ್ರೆ ನೂರು ವರ್ಷ ಆದ್ರೂ ಹಕ್ಕು ಬರಲ್ಲ."

ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಭಾನುವಾರ ಬೆಳಿಗ್ಗೆಯೇ ಒಪ್ಪಿಗೆ ಕಾಗದ ಬರೆದುಕೊಂಡು, ಹೆಬ್ಬೆಟ್ಟಿಗೆಂದು ಶಾಲೆಯ ಇಂಕ್ ಪ್ಯಾಡೂ ಇಟ್ಟುಕೊಂಡು ಹೊರಟೆ. "ಪತ್ರನೂ ತಗಂಡ್ ಹೋಗ್ರಿ" ಎಂದು ಹೆಂಡತಿ ಹಳದಿ ಗಂಟನ್ನು ಚೀಲಕ್ಕೆ ಹಾಕಿದಳು.

ಮೊಳಕಾಲ್ಮುರಿನಲ್ಲಿ ನಾನು ನೆಡಿಸಿದ್ದ ನಾಲ್ಕು ಕಲ್ಲುಗಳೂ ನಾನೇ ನೆಟ್ಟ ಬೇವಿನ ಮರವೂ ಹಾಗೆಯೇ ಇದ್ದವು. ಅದರ ನೆರಳಲ್ಲಿ ಸುಬ್ಬಮ್ಮ ಕಿತ್ತುಹೋದ ಎಳೆಗಳನ್ನು ಗಂಟು ಹಾಕುತ್ತಿದ್ದರು. ನಾನು ಕಾನೂನನ್ನೆಲ್ಲ ಅರ್ಧ ಗಂಟೆ ಬಿಡಿಸಿ ಹೇಳಿದೆ.

"ಸುಮ್ಕಿದ್ರೆ ಜಾಗ ಹೋಗ್ತೈತಾ ಸಾಮಿ? ಬರೆಸ್ಕಂಡ್ರೆ ಉಳೀತೈತಾ?"

"ಹೌದಮ್ಮ. ಇಲ್ಲಿ ಹೆಬ್ಬೆಟ್ಟು ಒತ್ರಿ."

"ಒತ್ತಾನ. ಮೊದ್ಲು ನಿಮ್ ಪತ್ರ ಒಂದ್ಸಲ ಓದ್ರಿ, ಕೇಳಾನ."

ಗಂಟು ಬಿಚ್ಚಿ ಜೋರಾಗಿ ಓದಿದೆ. "ಚಕ್ಕುಬಂದಿ: ಉತ್ತರಕ್ಕೆ ರಸ್ತೆ, ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಸುಬ್ಬಮ್ಮನವರು ಹಾಸು ಬಿಗಿಯುವ ಜಾಗ..."

ನಾನು ನಿಂತಿದ್ದುದೇ ಆ ಜಾಗದಲ್ಲಿ. ನಿಂತಲ್ಲಿಂದಲೇ ಪೂರ್ವಕ್ಕೆ ತಿರುಗಿದೆ. ಹಳ್ಳದವರೆಗೂ ಆಳೆತ್ತರದ ಜಾಲಿ ಬೆಳೆದಿತ್ತು. ಸೈಟು ಕೊಂಡಾಗ ದಲ್ಲಾಳಿ ರಸ್ತೆಯಲ್ಲೇ ನಿಂತು "ಅದೇ ಸಾರ್" ಎಂದು ಕೈ ಬೀಸಿದ್ದ; ನಾನು ಚೆನ್ನಾಗಿ ಕಂಡ ಜಾಗಕ್ಕೆ ಕಲ್ಲು ನೆಡಿಸಿದ್ದೆ.

"ಅಯ್ಯೋ ರಾಮ, ಆ ಜಾಲಿ ಜಾಗ ಕೊಂಡೋರು ನೀವೇನಾ!" ಎಂದರು ಸುಬ್ಬಮ್ಮ. "ವರ್ಷಾ ವರ್ಷಾ ಬಂದು ಈ ಕಲ್ಲಿಗೆ ಕುಂಕುಮ ಹಚ್ಚಿ ಹೋಗ್ತಿದ್ರಲ್ಲ, ಏನೋ ಹರಕೆ ಅಂದ್ಕಂಡಿದ್ದೆ. ನೆರಳಿಗೆ ಮರ ನೆಟ್ಟ ಪುಣ್ಯಾತ್ಮ ಅಂತ ನಾನೇ ನೀರೂ ಹಾಕ್ದೆ."

ಇಷ್ಟು ಹೇಳಿ ನಕ್ಕವರು ತಟ್ಟನೆ ಬೆರಳು ಮಡಚಿ ಲೆಕ್ಕ ಹಾಕಿದರು. ಕಲ್ಲುಗಳನ್ನು ನೋಡಿದರು, ಮರ ನೋಡಿದರು, ನನ್ನನ್ನೂ ನೋಡಿದರು. ವಾರವಿಡೀ ಕನ್ನಡಿಯಲ್ಲಿ ಕಂಡ ಭಯವೇ ಆಕೆಯ ಮುಖದಲ್ಲಿತ್ತು.

"ನೀವ್ ಕಲ್ಲು ನೆಟ್ಟು ಹನ್ನೊಂದಾಗೈತೆ. ಇನ್ನೊಂದೇ ವರ್ಷ! ಆ ಕಾಗದದಾಗೆ ಹೆಸ್ರು ತಿದ್ರಿ ಸಾಮಿ."

ತಿದ್ದಿದೆ. ಅವರ ಅನುಮತಿಯಿಂದಲೇ ಕಲ್ಲು, ಮರ ಇಟ್ಟುಕೊಂಡಿದ್ದೇನೆಂದು ಬರೆದು, ಇಪ್ಪತ್ತೈದು ವರ್ಷ ಸರ್ವೀಸಿನ ನನ್ನ ಮುದ್ದಾದ ಸಹಿ ಹಾಕಿದೆ. ಸುಬ್ಬಮ್ಮ ಕಾಗದವನ್ನು ಅತ್ತಿತ್ತ ತಿರುಗಿಸಿ ನೋಡಿ ಇಂಕ್ ಪ್ಯಾಡನ್ನು ನನ್ನತ್ತ ತಳ್ಳಿದರು.

"ಸೈನು ನಂಗೆ ಗೊತ್ತಾಗಲ್ಲ. ಹೆಬ್ಬೆಟ್ಟೂ ಒತ್ರಿ."

ಚಳ್ಳಕೆರೆ ಬರುವವರೆಗೂ ಬಸ್ಸಿನಲ್ಲಿ ಎಡಗೈಯನ್ನು ಜೇಬಿನಿಂದ ತೆಗೆಯಲಿಲ್ಲ.