ಶೆವ್ಕೆತ್ ಮಾವನ ನಲವತ್ತನೇ ದಿನ

ಎಲ್ಲದಕ್ಕೂ ಮೂಲ ಒಂದು ಮುಳ್ಳುಹಂದಿ. ನಿಜವಾದದ್ದಲ್ಲ, ಮೈದಾಹಿಟ್ಟಿನದು.

ರಾಸಿಮನ ಹೆಂಡತಿ ನೆರ್ಮಿನ್‌ಗೆ ಫೋನಿನಲ್ಲಿ ವೀಡಿಯೊ ನೋಡಿ ನೋಡಿ ಮನೆಯಲ್ಲೇ ಬನ್ನು ಸುಡುವ ಹುಚ್ಚು ಹಿಡಿದಿತ್ತು. ಸುಮ್ಮನೆ ದುಂಡಗೆ ಸುಟ್ಟರೆ ಆಕೆಗೆ ಸಮಾಧಾನವಿಲ್ಲ. ಆಮೆ, ಮೊಸಳೆ, ಗೂಬೆ, ಏನಾದರೊಂದು ಆಗಲೇಬೇಕು. ಕತ್ತರಿಯ ತುದಿಯಿಂದ ಹಿಟ್ಟಿನ ಬೆನ್ನಿನ ಮೇಲೆ ಮುಳ್ಳೆಬ್ಬಿಸುವಾಗ, ಒಣದ್ರಾಕ್ಷಿಯ ಕಣ್ಣು ಅಂಟಿಸುವಾಗ ಅವಳ ಮುಖದಲ್ಲಿ ಅದೆಂಥ ಸಂತೋಷ! ಮೂಗಿನ ತುದಿಯಲ್ಲಿ ಹಿಟ್ಟು, ಬಾಯಲ್ಲಿ ಹಾಡು. ಅದನ್ನು ನೋಡಿದ ಮೇಲೆ ಬೇಡ ಅನ್ನುವುದಕ್ಕೆ ರಾಸಿಮನಿಗೆ ಬಾಯಿ ಬರುತ್ತಿರಲಿಲ್ಲ. ರಾತ್ರಿ ಊಟಕ್ಕೆ ಗೂಬೆ, ಬೆಳಗ್ಗೆ ಆಫೀಸಿನ ಡಬ್ಬಿಗೆ ಗೂಬೆಯ ರೆಕ್ಕೆ. ಪಾಪ, ತಿನ್ನುತ್ತಿದ್ದ.

ಆದರೆ ಆ ಮುಳ್ಳುಹಂದಿ ಮಾತ್ರ ಅವನ ಒಸಡಿಗೇ ಚುಚ್ಚಿತು. ಚುಚ್ಚಿದ ಒಸಡನ್ನು ನಾಲಿಗೆಯಿಂದ ಸವರಿಕೊಂಡು ಆಫೀಸಿಗೆ ಹೋಗುವಾಗ ಇಜ್ಮಿರಿನ ಕೆಮೆರಾಲ್ತಿ ಬಜಾರಿನ ಕಡೆಯಿಂದ ಕೆಂಡದ ಮೇಲೆ ಕುರಿಯ ಕರುಳು ಸುಡುವ ಘಮ ಬಂತು. ಅಷ್ಟೇ, ಅವನ ಬುದ್ಧಿ ಹೋಯಿತು. ನೇರ ಮ್ಯಾನೇಜರ್ ತಹ್ಸಿನ್ ಸಾಹೇಬರ ಕೋಣೆಗೆ ಹೋದ.

"ಸಾರ್, ಒಂದು ಅರ್ಧ ದಿನ ರಜ ಬೇಕಿತ್ತು."

"ಯಾಕೆ?"

ಹಲ್ಲುನೋವು ಅನ್ನಬಹುದಿತ್ತು, ನೀರಿನ ಪೈಪು ಒಡೆದಿದೆ ಅನ್ನಬಹುದಿತ್ತು. ಅವನ ಹಣೆಬರಹ, "ನನ್ನ ಸೋದರಮಾವ ತೀರಿಕೊಂಡ್ರು ಸಾರ್, ಶೆವ್ಕೆತ್ ಮಾವ," ಅಂದುಬಿಟ್ಟ. ಅಂದಮೇಲೆ ಸುಮ್ಮನಾದನೇ? ಆಫೀಸಿನವರೆಲ್ಲ ಸುತ್ತ ಸೇರಿ ಸಮಾಧಾನ ಹೇಳತೊಡಗಿದಾಗ ಹುರುಪು ಬಂದು, ಮಾವ ತನ್ನನ್ನು ಹೆಗಲ ಮೇಲೆ ಹೊತ್ತು ಸಮುದ್ರ ತೋರಿಸಿದ್ದು, ಚಳಿಗಾಲದಲ್ಲಿ ತನ್ನ ಕೋಟು ಮಾರಿ ಇವನಿಗೆ ಶಾಲೆಯ ಪುಸ್ತಕ ಕೊಡಿಸಿದ್ದು, ಎಲ್ಲ ಹೇಳಿದ. ಅಸಲಿಗೆ ಆ ಮಾವ ಒಮ್ಮೆ ಇವನ ಕೈಗೆ ಪೆಪ್ಪರಮಿಂಟು ಕೊಟ್ಟು, ಮನಸ್ಸು ಬದಲಾಯಿಸಿ ವಾಪಸು ತೆಗೆದುಕೊಂಡಿದ್ದ ಮನುಷ್ಯ. ಟೈಪಿಸ್ಟ್ ಮೆಲಾಹತ್ ಅಕ್ಕನಂತೂ ಬಿಕ್ಕಿ ಬಿಕ್ಕಿ ಅತ್ತರು. ಮದುವೆಯಾಗದೆ ಐವತ್ತೈದು ದಾಟಿದ ಹೆಂಗಸು. ಆಫೀಸಿನಲ್ಲಿ ಯಾರ ಮನೆಯಲ್ಲಿ ಹುಟ್ಟಿದರೂ ಸತ್ತರೂ ಚಂದಾ ಡಬ್ಬಿ ಹಿಡಿದು ಮೇಜಿನಿಂದ ಮೇಜಿಗೆ ತಿರುಗುವವರು ಅವರೇ.

ಆ ಮಧ್ಯಾಹ್ನ ರಾಸಿಮ್ ಬಜಾರಿನಲ್ಲಿ ಸ್ವರ್ಗ ಕಂಡ. ಖಾರ ಉದುರಿಸಿದ ಕರುಳು, ಬಿಸಿ ರೊಟ್ಟಿಯ ನಡುವೆ. ಅದಾದ ಮೇಲೆ ಅನ್ನ ತುಂಬಿದ ಕಪ್ಪೆಚಿಪ್ಪು. ಗಾಡಿಯವನು ಒಂದೊಂದೇ ಚಿಪ್ಪಿನ ಬಾಯಿ ತೆರೆದು, ನಿಂಬೆ ಹಿಂಡಿ, ಕೈಗಿಡುತ್ತಾ ಹೋದ, ಇವನು ಸಾಕು ಅನ್ನುವುದನ್ನೇ ಮರೆತ. ಗೋಡೆಗೆ ಒರಗಿ ನಿಂತು ತಿನ್ನುವಾಗ ಯಾವ ಪ್ರಾಣಿಯೂ ಅವನನ್ನು ಒಣದ್ರಾಕ್ಷಿಯ ಕಣ್ಣಿನಿಂದ ನೋಡುತ್ತಿರಲಿಲ್ಲ. ಸಂಜೆ ಮನೆಗೆ ಹೋಗಿ ಒಂದು ಆಮೆ ತಿಂದ. ಅಲ್ಲಿಗೆ ಆ ವಿಷಯ ಮುಗಿಯಿತು ಅಂದುಕೊಂಡ.

ಮುಗಿದಿರಲಿಲ್ಲ.

ಇಜ್ಮಿರಿನಲ್ಲಿ ಸತ್ತವರ ನಲವತ್ತನೇ ದಿನ ಬೀದಿಯಲ್ಲಿ ಬಾಣಲೆ ಹೂಡಿ, ಹಿಟ್ಟಿನ ಉಂಡೆ ಕರಿದು, ಸಕ್ಕರೆ ಪಾಕದಲ್ಲಿ ಅದ್ದಿ ಹೋಗಿಬರುವವರಿಗೆಲ್ಲ ಲೋಕ್ಮಾ ಹಂಚದ ಮನೆಯವರನ್ನು ಯಾರೂ ಮನುಷ್ಯರ ಸಾಲಿಗೆ ಸೇರಿಸುವುದಿಲ್ಲ. ರಾಸಿಮ್ ಮರೆತಿದ್ದ. ಮೆಲಾಹತ್ ಅಕ್ಕ ಮರೆತಿರಲಿಲ್ಲ.

ನಲವತ್ತನೇ ದಿನ ಬಿದ್ದ ಆ ಶನಿವಾರ ಬೇರೆ ಎಂಥ ಶನಿವಾರ! ಬದುಕಿರುವ ಶೆವ್ಕೆತ್ ಮಾವ ಕೊಲ್ಲಿಯ ಆಚೆ ದಡದಿಂದ ದೋಣಿ ಹಿಡಿದು ಊಟಕ್ಕೆ ಬರುವವರಿದ್ದರು. ರಾಸಿಮ್ ಇದ್ದ ಸಮುದ್ರ ಕಾಣುವ ಮನೆ ಮಾವನದು. ಹೆಂಡತಿ ಮಕ್ಕಳಿಲ್ಲದ ಮಾವನಿಗೆ ಈ ಚಳಿಗಾಲ ದಾಟುವುದಿಲ್ಲ ಎಂಬ ಭಯ ಹೊಕ್ಕಿತ್ತು. ಮನೆ ಯಾರ ಹೆಸರಿಗೆ ಎನ್ನುವುದನ್ನು ಇವತ್ತು ಊಟ ಮಾಡಿ ಹೇಳುತ್ತೇನೆ ಅಂದಿದ್ದರು. ಸಾವು ಎಂಬ ಮಾತು ಎತ್ತಿದರೆ ಅವರಿಗೆ ಆಗುತ್ತಿರಲಿಲ್ಲ; ಹೆಣ ಎದುರಾದರೆ ಬೀದಿಯನ್ನೇ ಬಿಟ್ಟು ಓಡುತ್ತಿದ್ದರು. ಇನ್ನೊಬ್ಬ ಸೋದರಳಿಯ ನೆಜ್ದೆತ್ ಹಬ್ಬಕ್ಕೆಂದು ಬಿಳಿ ದುಪ್ಪಟಿ ಉಡುಗೊರೆ ಕೊಟ್ಟದ್ದಕ್ಕೆ, "ನನ್ನ ಹೂಳೋಕೆ ಕಫನ್ ತಂದಿದ್ದಾನೆ" ಎಂದು ಅವನ ಮುಖ ನೋಡುವುದನ್ನೇ ಬಿಟ್ಟಿದ್ದರು. ಹಾಗಾಗಿ ಉಳಿದವನು ರಾಸಿಮ್ ಒಬ್ಬನೇ.

ನೆರ್ಮಿನ್ ಮಾವನನ್ನು ಮೆಚ್ಚಿಸಲು ಅವರ ಮುಖದ್ದೇ ಒಂದು ದೊಡ್ಡ ಬನ್ನು ಮಾಡಿದ್ದಳು. ಉಬ್ಬಿದ ಗಲ್ಲ, ಎಳ್ಳಿನ ಮೀಸೆ, ಮಾವನಿಗಿರುವ ಹಾಗೇ ಬಲಗೆನ್ನೆಯ ಮೇಲೆ ಕಪ್ಪು ನರುಲಿಗೆ ಒಂದು ಒಣದ್ರಾಕ್ಷಿ. ಅದನ್ನು ಒಲೆಗಿಟ್ಟು, "ಮೀಸೆ ಜಾರದಿದ್ರೆ ಸಾಕಪ್ಪಾ ದೇವರೇ," ಅನ್ನುತ್ತಿದ್ದಳು. ಹಿಟ್ಟು ನಾದಿಕೊಟ್ಟ ರಾಸಿಮ್ ಕೈ ತೊಳೆಯುತ್ತಾ ಕಿಟಕಿಯಿಂದ ಕೆಳಗೆ ಬಗ್ಗಿದ.

ಬಾಗಿಲ ಮುಂದೆ ಒಂದು ವ್ಯಾನು, ದೊಡ್ಡ ಬಾಣಲೆ. ಮೇಲೆ ಬ್ಯಾನರು: "ದಿವಂಗತ ಶೆವ್ಕೆತ್ ಅವರ ನಲವತ್ತನೇ ದಿನದ ಲೋಕ್ಮಾ. ಪ್ರೀತಿಯ ಸೋದರಳಿಯ ರಾಸಿಮ್ ಮತ್ತು ಸಹೋದ್ಯೋಗಿಗಳು."

ಅವನ ಜೀವ ಬಾಯಿಗೆ ಬಂತು. ಹಿಟ್ಟು ಮೆತ್ತಿದ ಏಪ್ರನ್ನಿನಲ್ಲೇ, ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದಕ್ಕೆ ಹಾಕದೆ ಕೆಳಗೆ ಓಡಿದ. ಆಫೀಸಿಗೆ ಆಫೀಸೇ ಅಲ್ಲಿತ್ತು, ತಹ್ಸಿನ್ ಸಾಹೇಬರೂ ಸೇರಿ.

"ನೀನು ಮರೆತಿರ್ತೀಯ ಅಂತ ನಂಗೊತ್ತಿತ್ತು ಕಣೋ," ಮೆಲಾಹತ್ ಅಕ್ಕ ಅವನ ಕೆನ್ನೆ ಹಿಡಿದುಕೊಂಡರು. "ದುಃಖದಲ್ಲಿರೋರಿಗೆ ದಿನ ಎಲ್ಲಿ ನೆನಪಿರತ್ತೆ? ಅದಕ್ಕೇ ನಾವೇ ಎಲ್ಲಾ ಮಾಡಿಸಿದ್ವಿ."

"ಅಕ್ಕಾ, ಇದನ್ನ ಬೇರೆ ಎಲ್ಲಾದ್ರೂ ಇಟ್ಕೋಬಹುದಿತ್ತಲ್ಲ?"

"ಸತ್ತೋರ ಲೋಕ್ಮಾನ ಅವ್ರ ಮನೆ ಬಾಗಿಲಲ್ಲಿ ಮಾಡ್ದೆ ಬಸ್‌ಸ್ಟ್ಯಾಂಡಲ್ಲಿ ಮಾಡ್ತಾರೇನೋ?"

ಕೆಳಮನೆಯ ಪಾಕಿಝೆ ಆಗಲೇ ಎದೆ ಬಡಿದುಕೊಳ್ಳುತ್ತಿದ್ದಳು. "ಅಯ್ಯೋ ಶೆವ್ಕೆತಣ್ಣ! ಹೋದ ಹಬ್ಬಕ್ಕೆ ಬಂದಾಗ ಗುಂಡುಕಲ್ಲಿನ ಹಾಗಿದ್ರಲ್ಲಪ್ಪ! ನಲವತ್ತು ದಿನ ಆದ್ರೂ ನಮಗೊಂದು ಮಾತು ಹೇಳಲಿಲ್ವಲ್ಲೋ? ತಾಳು, ಮೇಲೆ ಹೋಗಿ ನೆರ್ಮಿನ್‌ನಾದ್ರೂ ಮಾತಾಡಿಸ್ತೀನಿ."

"ಬೇಡ!" ರಾಸಿಮ್ ಮೆಟ್ಟಿಲಿಗೆ ಅಡ್ಡ ನಿಂತ. "ಅವಳಿಗೆ ಇನ್ನೂ ಹೇಳಿಲ್ಲ. ಹೃದಯ ಸೂಕ್ಷ್ಮ. ತಿಳಿದ್ರೆ ತಡ್ಕೊಳ್ಳಲ್ಲ. ದಯವಿಟ್ಟು ಯಾರೂ ಮಾವನ ಹೆಸರೆತ್ತಬೇಡಿ!"

ಒಂದು ಸುಳ್ಳಿಗೆ ಇನ್ನೊಂದು ಆಸರೆ ಕೊಟ್ಟದ್ದಾಯಿತು. ಎಲ್ಲರೂ ತುಟಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದರು. ಅದೇ ಧೈರ್ಯದಲ್ಲಿ ಅವನು ವ್ಯಾನಿನ ಮೆಟ್ಟಿಲು ಹತ್ತಿ ಬ್ಯಾನರಿಗೆ ಕೈ ಹಾಕಿದ. ದುಃಖ ತಡೆಯಲಾರದೆ ಹೀಗೆ ಮಾಡುತ್ತಿದ್ದಾನೆ ಎಂದು ನಾಲ್ಕು ಜನ ಅವನ ಸೊಂಟ ಹಿಡಿದು ಎಳೆದರು. ಅವನು ಬ್ಯಾನರನ್ನು ಬಿಡಲಿಲ್ಲ, ಅವರು ಅವನನ್ನು ಬಿಡಲಿಲ್ಲ. ದಾರ ಕಿತ್ತು ಬ್ಯಾನರು ಸೀದಾ ಸಕ್ಕರೆ ಪಾಕದ ಹಂಡೆಗೆ ಬಿತ್ತು.

"ನನ್ನ ಪಾಕ!" ಎಂದು ಲೋಕ್ಮಾದವನು ಕಿರುಚಿದ. ರಾಸಿಮನನ್ನು ಸ್ಟೂಲಿನ ಮೇಲೆ ಕೂರಿಸಿ, ಮುಖಕ್ಕೆ, ಕೈಗೆ, ಕತ್ತಿಗೆ, ಆಯಾಸ ಕಳೆಯಲೆಂದು ನಿಂಬೆಯ ಕೊಲೋನ್ ಅತ್ತರು ಸುರಿದರು. ಅದು ಕಣ್ಣಿಗೆ ಹೋಗಿ ಧಾರಾಕಾರ ನೀರು. "ಅಳು, ಅತ್ತುಬಿಡು," ಎಂದು ತಹ್ಸಿನ್ ಸಾಹೇಬರು ಬೆನ್ನು ಸವರಿದರು. ಉರಿಯುವ ಕಣ್ಣು ಬಿಟ್ಟು ನೋಡಿದರೆ, ಬೀದಿಯ ತಿರುವಿನಲ್ಲಿ ಶೆವ್ಕೆತ್ ಮಾವ ಕೋಲೂರಿಕೊಂಡು ಬರುತ್ತಿದ್ದಾರೆ.

ಪಾಕಿಝೆಯೊಬ್ಬಳೇ ಮಾವನ ಗುರುತಿದ್ದವಳು. ಪುಣ್ಯಕ್ಕೆ ಅವಳು ಎರಡನೇ ಸಲ ತಿನ್ನಲು ತಟ್ಟೆ ತರಲೆಂದು ಮನೆಯೊಳಗೆ ಹೋಗಿದ್ದಳು.

"ಏನೋ ಇದು ಗದ್ದಲ?" ಅಂದರು ಮಾವ, ತಿರುವಿಗೇ ಓಡಿಬಂದ ರಾಸಿಮನನ್ನು ನೋಡಿ.

"ಯಾರೋ ಹರಕೆ ಹೊತ್ತಿದ್ರಂತೆ ಮಾವ. ನೀವು ಮೇಲೆ ಬನ್ನಿ, ಊಟ ಆರತ್ತೆ."

"ಪುಕ್ಕಟೆ ಲೋಕ್ಮಾ ಬಿಟ್ಟು ಮೇಲೆ ಬರಕ್ಕೆ ನಂಗೇನು ಹುಚ್ಚೇನೋ?" ಎಂದು ಮಾವ ಸಾಲಿನಲ್ಲಿ ನಿಂತೇಬಿಟ್ಟರು. ಮೊದಲ ತಟ್ಟೆ ಖಾಲಿ ಮಾಡಿ, ಎರಡನೆಯದಕ್ಕೆ ಕೈಚಾಚಿದಾಗ ಲೋಕ್ಮಾದವನು, "ಸತ್ತೋರಿಗೊಂದು ದುವಾ ಹೇಳಿ ತಿನ್ನಿ ತಾತ," ಅಂದ.

ಮಾವ ಚಾಚಿದ ಕೈ ಹಿಂದಕ್ಕೆಳೆದುಕೊಂಡರು. "ಸತ್ತೋರಾ? ಯಾರು ಸತ್ತಿದ್ದು?"

ನೆರ್ಮಿನ್‌ಳ ಹೃದಯ ನೆನೆದು ಯಾರೂ ಹೆಸರೆತ್ತಲಿಲ್ಲ. "ಯಾರೋ ಒಬ್ಬ ದೊಡ್ಡ ಮನುಷ್ಯರು," ಅಂದರು ಮೆಲಾಹತ್ ಅಕ್ಕ.

"ವಯಸ್ಸೆಷ್ಟಂತೆ?"

"ಎಪ್ಪತ್ಮೂರು."

ಮಾವನಿಗೂ ಅಷ್ಟೇ. "ಕಾಯಿಲೆಯೇನು?"

"ಏನೂ ಇಲ್ಲಪ್ಪ. ನೆಂಟರ ಮನೇಲಿ ಊಟಕ್ಕೆ ಕೂತ್ರಂತೆ, ಹಾಗೇ ಒರಗಿಬಿಟ್ರಂತೆ." ಇದನ್ನೂ ರಾಸಿಮನೇ ಹೇಳಿದ್ದು, ಆ ದಿನ, ಹುರುಪಿನಲ್ಲಿ. "ಆದ್ರೆ ಎಂಥ ಬಂಗಾರದ ಜೀವ ಗೊತ್ತಾ? ಮೈಮೇಲಿನ ಕೋಟು ಮಾರಿ ಅಳಿಯನಿಗೆ ಪುಸ್ತಕ ಕೊಡ್ಸಿದ್ರಂತೆ."

"ಈ ಕಾಲದಲ್ಲಿ ಅಂಥೋರು ಎಲ್ಲಿದ್ದಾರಮ್ಮ," ಎಂದು ಮಾವ ಕಣ್ಣೊರೆಸಿಕೊಂಡರು. ಮೆಲಾಹತ್ ಅಕ್ಕನೂ ಒರೆಸಿಕೊಂಡರು. ಒಂದೇ ಕರವಸ್ತ್ರ, ಇಬ್ಬರಿಗೂ. ಒಬ್ಬೊಬ್ಬರು ಎರಡೆರಡು ತಟ್ಟೆ ತಿಂದರು. ಇನ್ನೇನು, ದೇವರು ದೊಡ್ಡವನು, ಬಚಾವಾದೆ ಎಂದು ರಾಸಿಮ್ ಉಸಿರು ಬಿಡುವಷ್ಟರಲ್ಲಿ ನೆರ್ಮಿನ್ ಟ್ರೇ ಹಿಡಿದು ಕೆಳಗಿಳಿದು ಬಂದಳು. ಬನ್ನು ಚೆನ್ನಾಗಿ ಬಂದರೆ ಬೀದಿಗೆಲ್ಲ ತೋರಿಸದಿದ್ದರೆ ಅವಳಿಗೆ ನಿದ್ದೆ ಬರುವುದಿಲ್ಲ.

"ನೋಡಿ ನೋಡಿ, ಮೀಸೆ ಒಂದು ಚೂರೂ ಜಾರಿಲ್ಲ!"

"ಯಾರಮ್ಮ ಇದು?" ಕೇಳಿದರು ತಹ್ಸಿನ್ ಸಾಹೇಬರು.

"ನಮ್ಮ ಶೆವ್ಕೆತ್ ಮಾವ! ಈಗ ಊಟಕ್ಕೆ ಬರ್ತಾರೆ."

ಆಫೀಸಿನವರೆಲ್ಲ ಒಟ್ಟಿಗೆ ಮುಖ ಮುಚ್ಚಿಕೊಂಡು ಗೋಳೋ ಎಂದರು. ಮೆಲಾಹತ್ ಅಕ್ಕ ಹತ್ತಿರ ಬಂದು ಬನ್ನಿನ ಗಲ್ಲ ಸವರಿದರು. ಮೀಸೆ ನೋಡಿದರು. ಬಲಗೆನ್ನೆಯ ಒಣದ್ರಾಕ್ಷಿ ನೋಡಿದರು. ಆಮೇಲೆ ನಿಧಾನವಾಗಿ ಕತ್ತು ತಿರುಗಿಸಿ, ಪಕ್ಕದಲ್ಲಿ ಬೆರಳು ನೆಕ್ಕುತ್ತಿದ್ದ ಮುದುಕನ ಬಲಗೆನ್ನೆ ನೋಡಿದರು.

ಅವರು ಕಿರುಚಿದ ಸದ್ದಿಗೆ ಬಂದರಿನ ಹಕ್ಕಿಗಳೆಲ್ಲ ಎದ್ದವು. ತಟ್ಟೆ ಹಿಡಿದು ಹೊರಬಂದ ಪಾಕಿಝೆ, "ಶೆವ್ಕೆತಣ್ಣ! ಗೋರಿಯಿಂದ ಎದ್ದು ಬಂದ್ರಾ?" ಎಂದು ತಟ್ಟೆ ಕೈಬಿಟ್ಟಳು.

ಅಲ್ಲಿಂದಾಚೆಗೆ ಮುಚ್ಚಿಡುವುದಕ್ಕೆ ಏನೂ ಉಳಿಯಲಿಲ್ಲ. ಕರುಳು, ಕಪ್ಪೆಚಿಪ್ಪು, ಅರ್ಧ ದಿನದ ರಜ, ಮುಳ್ಳುಹಂದಿ, ಎಲ್ಲವನ್ನೂ ರಾಸಿಮ್ ತಲೆತಗ್ಗಿಸಿಕೊಂಡು ಒಪ್ಪಿಕೊಂಡ. ನೆರ್ಮಿನ್‌ಗೆ ಮುಳ್ಳುಹಂದಿಯ ಮಾತೇ ಹೆಚ್ಚು ನೋಯಿಸಿತು. "ಇಷ್ಟ ಇಲ್ಲ ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ ರೀ?" ಅಂದಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವನಿಗೆ. ಮನೆ ಹೋಯಿತು, ಮಾನ ಹೋಯಿತು. ನೆಜ್ದೆತ್ ಕೊಟ್ಟಿದ್ದು ಬರೀ ದುಪ್ಪಟಿ. ಇವನು ನಲವತ್ತನೇ ದಿನವನ್ನೇ ಮುಗಿಸಿಬಿಟ್ಟಿದ್ದ.

ಮಾವ ಸ್ಟೂಲಿನ ಮೇಲೆ ಕುಸಿದರು. "ಅಂದ್ರೆ ಇಷ್ಟೊತ್ತು ನಾನು ತಿಂದಿದ್ದು ನಂದೇ ಲೋಕ್ಮಾನಾ?"

ಲೋಕ್ಮಾದವನು ಹೌದೆಂದು ತಲೆಯಾಡಿಸಿದ.

"ಇವರೆಲ್ಲಾ ನಂಗೋಸ್ಕರ ಬಂದಿದ್ದಾ? ನೀನು ಅತ್ತಿದ್ದು ನಂಗೋಸ್ಕರಾನಾ ತಾಯೀ?"

"ಹೂಂ," ಅಂದರು ಮೆಲಾಹತ್ ಅಕ್ಕ. "ನಲವತ್ತು ದಿನದಿಂದ."

"ನಂಗೋಸ್ಕರ ಯಾರೂ ಅಳಲ್ಲ ಅಂದ್ಕೊಂಡಿದ್ದೆ." ಮಾವ ಖಾಲಿ ತಟ್ಟೆಯ ತಳದ ಪಾಕವನ್ನು ಬೆರಳಿಂದ ಬಳಿದು ನೆಕ್ಕಿದರು. ಆಮೇಲೆ ಲೋಕ್ಮಾದವನ ಕಡೆ ತಿರುಗಿ, "ಎಲ್ಲಾ ಸರಿಯಾಗಿ ಆಯ್ತೇನಯ್ಯಾ? ಏನೂ ಬಾಕಿ ಇಲ್ವಾ?" ಎಂದು ಕೇಳಿದರು.

"ಬ್ಯಾನರು ಪಾಕಕ್ಕೆ ಬಿದ್ದಿದ್ದು ಬಿಟ್ರೆ ಎಲ್ಲಾ ಶಾಸ್ತ್ರೋಕ್ತವಾಗಿ ಆಯ್ತು ತಾತ."

"ಹಾಗಾದ್ರೆ ನಂದು ಮುಗೀತು!" ಮಾವ ಕೋಲು ಬಿಸಾಕಿ ಎದ್ದರು. "ಸತ್ತಿದ್ದೂ ಆಯ್ತು, ನಲವತ್ತೂ ಆಯ್ತು. ಇನ್ನು ಯಾವನಿಗೆ ಹೆದರಬೇಕು ನಾನು? ಬಾರೋ ರಾಸಿಮ್, ನನ್ನಪ್ಪಾ!" ಎಂದು ಅವನನ್ನು ಬಾಚಿ ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟರು. "ಮಕ್ಕಳಿದ್ದಿದ್ರೂ ಇಷ್ಟು ಮಾಡ್ತಿರಲಿಲ್ಲ."

ರಾಸಿಮನಿಗೆ ಕಿವಿಯನ್ನೇ ನಂಬಲಾಗಲಿಲ್ಲ. ಹೋದ ಜೀವ ಬಂತು. ಮಾವ ಮೆಲಾಹತ್ ಅಕ್ಕನನ್ನೂ ಊಟಕ್ಕೆ ಕರೆದರು. ಮೇಜಿನ ಮುಂದೆ ತಮ್ಮ ಮುಖವನ್ನು ತಾವೇ ಮುರಿದು, ಮೀಸೆಯ ಭಾಗವನ್ನು ಆಕೆಯ ತಟ್ಟೆಗೆ ಬಡಿಸಿದರು. ಆಕೆ ನಾಚಿಕೊಂಡು ತಿಂದರು. ನರುಲಿ ರಾಸಿಮನ ಪಾಲಿಗೆ ಬಂತು. ಸಂತೋಷದಿಂದಲೇ ನುಂಗಿದ.

ಚಹಾ ಬಂದ ಮೇಲೆ ಮಾವ ಗಂಟಲು ಸರಿಮಾಡಿಕೊಂಡರು. "ಮನೆ ವಿಷಯ. ಸಾಯ್ತೀನಿ ಅಂತ ತಾನೇ ಇದನ್ನ ನಿನಗೆ ಬರೆದುಕೊಡೋಣ ಅಂತಿದ್ದೆ? ಈಗ ಸಾಯೋದು ಮುಗಿದಿದೆ. ಇನ್ನು ಬದುಕಬೇಕು ಕಣೋ! ಸಮುದ್ರ ಕಾಣತ್ತೆ, ಮೆಲಾಹತ್‌ಗೆ ಆಫೀಸೂ ಹತ್ತಿರ. ನೀವಿಬ್ರೂ ಹಬ್ಬದೊಳಗೆ ಬೇರೆ ಮನೆ ನೋಡ್ಕೊಳ್ಳಿ. ಅಲ್ವಾ ಮೆಲಾಹತ್?"

"ಛೆ, ಅವರಿಗೆ ತೊಂದ್ರೆ ಆಗಲ್ವಾ?" ಎಂದರು ಆಕೆ, ಕಿಟಕಿಯ ಪರದೆಯ ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ನೋಡುತ್ತಾ. "ಇನ್ಮೇಲೆ ನನ್ನ ಅಕ್ಕ ಅನ್ನಬೇಡ ರಾಸಿಮ್. ಅತ್ತೆ ಅನ್ನು."

ಸೋಮವಾರ ಬೆಳಗ್ಗೆ ರಾಸಿಮ್ ತಹ್ಸಿನ್ ಸಾಹೇಬರ ಮುಂದೆ ನಿಂತ. ಮುಖದಲ್ಲಿ ರಕ್ತವಿರಲಿಲ್ಲ.

"ಸಾರ್, ಅರ್ಧ ದಿನ ರಜ ಬೇಕಿತ್ತು. ಬಾಡಿಗೆಗೆ ಮನೆ ನೋಡಬೇಕು. ದೇವರಾಣೆ, ನಿಜ."

ಸಾಹೇಬರು ಕನ್ನಡಕ ತೆಗೆದಿಟ್ಟರು. "ಸುಮ್ನೆ ಹೇಳಪ್ಪ, ಈ ಸಲ ಯಾರು ಸತ್ರು?"

"ನಾನೇ ಸಾರ್," ಅಂದ.

ಹಿಂದಿನ ಮೇಜಿನಲ್ಲಿ ಮೆಲಾಹತ್ ಅತ್ತೆ ಟೈಪ್ ಮಾಡುವುದನ್ನು ನಿಲ್ಲಿಸಿ, ಚಂದಾ ಡಬ್ಬಿ ಎತ್ತಿಕೊಂಡರು.